ಗಾಯಗೊಂಡ ಮಗುವಿನ ಪ್ರಾಣಲಕ್ಷಣಗಳು

ರೋಗಿಯ ಮುಖವನ್ನು ನೋಡಿ, ಕೈ ಹಿಡಿದು, ಉಸಿರಿನ ಗತಿಯನ್ನು ಗಮನಿಸಿ, ಅವನು ಬದುಕುವನೋ ಇಲ್ಲವೋ ಎಂಬುದನ್ನು ಅರಿಯಬಲ್ಲ ವೈದ್ಯನಿಗೆ ನಮ್ಮ ದೇಶದಲ್ಲಿ ಬಹುಕಾಲದಿಂದಲೂ ಮನ್ನಣೆಯುಂಟು. ಚರಕಸಂಹಿತೆಯಲ್ಲಿ ಇಂದ್ರಿಯಸ್ಥಾನವೆಂಬ ಭಾಗದ ಹನ್ನೆರಡು ಅಧ್ಯಾಯಗಳು ಈ ವಿಚಾರಕ್ಕೇ ಮೀಸಲಾಗಿವೆ. ಮರಣವು ಸಮೀಪಿಸಿರುವುದನ್ನು ತಿಳಿಸುವ ಚಿಹ್ನೆಗಳಿಗೆ ಅಲ್ಲಿ ಅರಿಷ್ಟಗಳೆಂದು ಹೆಸರು. ಅಂಥ ಚಿಹ್ನೆಗಳನ್ನು ಕಂಡ ವೈದ್ಯನು, ಯಾರೂ ಕೇಳದಿರುವಾಗ ತಾನಾಗಿ ಅದನ್ನು ಬಾಯಿಬಿಟ್ಟು ಹೇಳಬಾರದೆಂಬ ನಿಯಮವೂ ಅಲ್ಲಿಯೇ ಉಂಟು. ಇಂದಿನ ಆಸ್ಪತ್ರೆಗಳಲ್ಲಿಯೂ ಇದೇ ಬಗೆಯ ಒಂದು ವಿದ್ಯೆ ಬೆಳೆದಿದೆ. ಆದರೆ ಅದರ ಗುರಿ ಬೇರೆ, ನಿಯಮವೂ ಬೇರೆ. ಸಾವಿನ ಸುಳಿವನ್ನು ಕಂಡ ವೈದ್ಯನು ಇಂದು ಸುಮ್ಮನಿರುವಂತಿಲ್ಲ. ಕೂಡಲೆ ಅದನ್ನು ಮುಂದಿನ ಆಸ್ಪತ್ರೆಗೆ ತಿಳಿಸಬೇಕು, ವಾಹನವನ್ನು ಕರೆಯಿಸಬೇಕು, ರಕ್ತವನ್ನು ಸಿದ್ಧಪಡಿಸಿರುವಂತೆ ಹೇಳಬೇಕು. ಮರಣವನ್ನು ಮುಂಚಿತವಾಗಿ ಕಾಣುವುದು ಅದನ್ನು ತಪ್ಪಿಸುವುದಕ್ಕಾಗಿಯೇ ಹೊರತು ಕೈಚೆಲ್ಲುವುದಕ್ಕಲ್ಲ. ಈ ವಿದ್ಯೆಯು ತೀವ್ರವಾಗಿ ಗಾಯಗೊಂಡ ಮಕ್ಕಳ ವಿಷಯದಲ್ಲಿ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ವಿಷಯವು ಬರಿಯ ಪುಸ್ತಕದ ಮಾತಾಗದಿರಲೆಂದು ಒಂದು ಊರನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ. ವಿಜಯಪುರ ಜಿಲ್ಲೆಯಲ್ಲಿ, ಸಿಂದಗಿಯಿಂದ ಉತ್ತರಕ್ಕೆ, ಭೀಮಾನದಿಯ ದಡದಲ್ಲಿ ದೇವಣಗಾಂವವೆಂಬ ಗ್ರಾಮವಿದೆ. ನದಿಯ ಆಚೆಯ ನೆಲ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿಗೆ ಸೇರಿದ್ದು. ಜೋಳ, ತೊಗರಿ, ಕಬ್ಬು ಬೆಳೆಯುವ ಸೀಮೆ. ಇಲ್ಲಿಯ ಮಕ್ಕಳು ಮಾಳಿಗೆಯ ಮೇಲೆ ಆಡುತ್ತಾರೆ, ಮರವನ್ನು ಹತ್ತುತ್ತಾರೆ, ಸುಗ್ಗಿಯ ಕಾಲದಲ್ಲಿ ಕಬ್ಬು ತುಂಬಿದ ಟ್ರಾಕ್ಟರುಗಳ ಹಿಂದೆ ಓಡುತ್ತಾರೆ. ಮಾಳಿಗೆಯಿಂದ ಬಿದ್ದ ಅಥವಾ ಗಾಡಿಗೆ ಸಿಕ್ಕಿದ ಮಗುವಿಗೆ ಮೊದಲು ದೊರೆಯುವುದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಅನಂತರ ತಾಲ್ಲೂಕಿನ ಆಸ್ಪತ್ರೆ. ಕೊನೆಗೆ ವಿಜಯಪುರದ ಜಿಲ್ಲಾ ಆಸ್ಪತ್ರೆ ಇಲ್ಲವೇ ಅಲ್ಲಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ತಲೆಬುರುಡೆಯ ಒಳಗನ್ನೂ ಹೊಟ್ಟೆಯ ಒಳಗನ್ನೂ ತೋರಿಸಬಲ್ಲ ಯಂತ್ರಗಳು, ರಕ್ತನಿಧಿ, ಮಕ್ಕಳ ಶಸ್ತ್ರವೈದ್ಯರು, ಇವೆಲ್ಲ ಇರುವುದು ಆ ದಾರಿಯ ಕೊನೆಯಲ್ಲಿ. ಮೊದಲನೆಯ ಮೆಟ್ಟಿಲಲ್ಲಿ ಇರುವುದು ಒಂದು ಕೈ, ಒಂದು ಗಡಿಯಾರ, ರಕ್ತದ ಒತ್ತಡವನ್ನು ಅಳೆಯುವ ಒಂದು ಪಟ್ಟಿ, ಮತ್ತು ಎರಡು ಕಣ್ಣುಗಳು. ಈ ಮಗುವನ್ನು ಇಲ್ಲಿಯೇ ಇಟ್ಟುಕೊಂಡು ನೋಡಬಹುದೆ, ಇಲ್ಲವೆ ಈ ಗಳಿಗೆಯೇ ದೊಡ್ಡ ಊರಿಗೆ ಕಳುಹಿಸಬೇಕೆ ಎಂಬ ನಿರ್ಣಯವನ್ನು ಇಷ್ಟರಿಂದಲೇ ಮಾಡಬೇಕು. ಮಗುವಿನ ಪ್ರಾಣವು ಎಷ್ಟೋ ವೇಳೆ ಈ ಒಂದು ನಿರ್ಣಯದ ಮೇಲೆಯೇ ನಿಂತಿರುತ್ತದೆ.

ನಾಡಿಯ ಬಡಿತ, ಉಸಿರಾಟ, ರಕ್ತದ ಒತ್ತಡ, ಮೈಯ ಶಾಖ, ಈ ನಾಲ್ಕಕ್ಕೆ ಪ್ರಾಣಲಕ್ಷಣಗಳೆಂದು ಹೆಸರು. ಗಾಯಗೊಂಡವರ ವಿಷಯದಲ್ಲಿ ಪ್ರಜ್ಞೆಯ ಸ್ಥಿತಿಯನ್ನೂ ಇವುಗಳೊಡನೆ ಸೇರಿಸಿ ಐದೆಂದು ಎಣಿಸುವುದು ವಾಡಿಕೆ. ಇವು ಅಂಕೆಗಳಾದದ್ದು ಈಚೆಗೆ. ನಾಡೀಪರೀಕ್ಷೆಯು ನಮ್ಮಲ್ಲಿ ಶಾರ್ಙ್ಗಧರಸಂಹಿತೆಯ ಕಾಲದಿಂದಲೂ ಉಂಟಾದರೂ, ಅದು ಬೆರಳಿನ ಅನುಭವವಾಗಿತ್ತು, ಎಣಿಕೆಯಾಗಿರಲಿಲ್ಲ. ಇಂಗ್ಲೆಂಡಿನ ಜಾನ್ ಫ್ಲಾಯರನು ೧೭೦೭ರಲ್ಲಿ ನಾಡಿಯನ್ನೆಣಿಸುವುದಕ್ಕಾಗಿಯೇ ಒಂದು ಗಡಿಯಾರವನ್ನು ಬಳಕೆಗೆ ತಂದನು. ಜರ್ಮನಿಯ ವುಂಡರ್ಲಿಕ್ಕನು ೧೮೬೮ರಲ್ಲಿ ಮೈಯ ಶಾಖದ ಮೇಲಿನ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡವನ್ನು ಅಳೆಯುವ ಕ್ರಮವನ್ನು ೧೮೯೬ರಲ್ಲಿ ಇಟಲಿಯ ರೀವಾ ರೋಚ್ಚಿಯು ಕಂಡುಹಿಡಿದನು. ಪಟ್ಟಿಯ ಕೆಳಗೆ ಕಿವಿಗೊಟ್ಟು ಸದ್ದನ್ನು ಆಲಿಸುವ ಕ್ರಮವನ್ನು ೧೯೦೫ರಲ್ಲಿ ರಷ್ಯದ ಕೊರೋಟ್ಕೋವನು ಅದಕ್ಕೆ ಸೇರಿಸಿದನು. ಪ್ರಜ್ಞೆಯನ್ನು ಅಂಕೆಯಲ್ಲಿ ಹೇಳುವ ಕ್ರಮವು ೧೯೭೪ರಷ್ಟು ಈಚಿನದು. ಇವೆಲ್ಲವೂ ಮೊದಲು ದೊಡ್ಡವರ ಮೈಯನ್ನು ಮುಂದಿಟ್ಟುಕೊಂಡು ರೂಪುಗೊಂಡವು. ಮಕ್ಕಳಿಗೆ ಅವನ್ನು ಹಾಗೆಯೇ ಅನ್ವಯಿಸಿದಾಗ ಉಂಟಾದ ತೊಡಕುಗಳೇ ನಮ್ಮ ಮುಂದಿನ ವಿಚಾರದ ತಿರುಳು.

ಮಗುವೆಂದರೆ ಚಿಕ್ಕ ಗಾತ್ರದ ದೊಡ್ಡವನಲ್ಲ. ಹಾಲುಣ್ಣುವ ಕೂಸಿನ ನಾಡಿ ಎಚ್ಚರವಿರುವಾಗ ನಿಮಿಷಕ್ಕೆ ೧೦೦ರಿಂದ ೧೮೦ರವರೆಗೆ ಬಡಿಯುವುದು ಸಹಜ. ಉಸಿರು ೩೦ರಿಂದ ೫೦. ಐದು ವರ್ಷದ ಮಗುವಿನಲ್ಲಿ ನಾಡಿ ೮೦ರಿಂದ ೧೨೦, ಉಸಿರು ೨೦ರಿಂದ ೨೮. ಹನ್ನೆರಡು ದಾಟಿದ ಮೇಲೆ ನಾಡಿ ೬೦ರಿಂದ ೧೦೦ಕ್ಕೂ, ಉಸಿರು ೧೨ರಿಂದ ೨೦ಕ್ಕೂ ಇಳಿದು ದೊಡ್ಡವರ ಮಟ್ಟಕ್ಕೆ ಬರುತ್ತದೆ. ಆದಕಾರಣ ನಿಮಿಷಕ್ಕೆ ೧೪೦ ಎಂಬ ಒಂದೇ ಅಂಕೆಯು ಕೂಸಿನಲ್ಲಿ ಆರೋಗ್ಯವನ್ನು ಸೂಚಿಸಬಹುದು, ಐದು ವರ್ಷದವನಲ್ಲಿ ಎಚ್ಚರಿಕೆಯಾಗಬಹುದು, ಹದಿನೈದು ವರ್ಷದವನಲ್ಲಿ ಸ್ಪಷ್ಟವಾದ ಅಪಾಯವೇ ಆಗಬಹುದು. ವಯಸ್ಸನ್ನು ಕೇಳದೆ ಅಂಕೆಯನ್ನು ಓದಿದವನು ಏನನ್ನೂ ಓದಿದಂತಾಗಲಿಲ್ಲ.

ಈಗ ರಕ್ತದ ಲೆಕ್ಕವನ್ನು ನೋಡೋಣ. ಮಗುವಿನ ಮೈಯಲ್ಲಿ ಒಂದು ಕಿಲೋಗ್ರಾಮಿಗೆ ಹೆಚ್ಚುಕಡಮೆ ೭೫ರಿಂದ ೮೦ ಮಿಲಿಲೀಟರಿನಷ್ಟು ರಕ್ತವಿರುತ್ತದೆ. ಐದು ವರ್ಷದ ಮಗುವಿನ ತೂಕ ೧೮ ಕಿಲೋಗ್ರಾಮೆಂದರೆ ಅದರ ಮೈಯ ಒಟ್ಟು ರಕ್ತ ಸುಮಾರು ೧೪೦೦ ಮಿಲಿಲೀಟರು. ನಮ್ಮ ರಕ್ತನಿಧಿಗಳಲ್ಲಿ ದಾನಿಯೊಬ್ಬನಿಂದ ಸಾಧಾರಣವಾಗಿ ಒಂದು ಸಲಕ್ಕೆ ೩೫೦ ಮಿಲಿಲೀಟರು ರಕ್ತವನ್ನು ತೆಗೆಯುತ್ತಾರೆ. ಅದನ್ನು ಕೊಟ್ಟವನು ಸ್ವಲ್ಪ ಹೊತ್ತು ಕುಳಿತು, ಪಾನಕ ಕುಡಿದು, ನಡೆದು ಮನೆಗೆ ಹೋಗುತ್ತಾನೆ. ಅಷ್ಟೇ ರಕ್ತವು ಐದು ವರ್ಷದ ಮಗುವಿನ ಒಟ್ಟು ರಕ್ತದಲ್ಲಿ ಕಾಲು ಭಾಗ. ಹೊಟ್ಟೆಯೊಳಗೆ ಗುಲ್ಮವೋ ಯಕೃತ್ತೋ ಸೀಳಿ ಇಷ್ಟು ರಕ್ತ ಸೋರಿದರೆ ಹೊರಗೆ ಒಂದು ಹನಿಯೂ ಕಾಣದಿರಬಹುದು. ಕಂಡವರು, ಗಾಯವೇನೂ ಇಲ್ಲವಲ್ಲ, ಪುಣ್ಯ, ಎಂದುಕೊಳ್ಳುತ್ತಾರೆ.

ಇಲ್ಲಿಯೇ ಮಗುವಿನ ಮೈ ನೋಡುವವರನ್ನು ಮೋಸಗೊಳಿಸುವುದು. ರಕ್ತ ಕಡಮೆಯಾದಾಗ ಅದರ ಹೃದಯವು ವೇಗವಾಗಿ ಬಡಿಯತೊಡಗುತ್ತದೆ. ಕೈಕಾಲುಗಳ ಸಣ್ಣ ರಕ್ತನಾಳಗಳು ಬಿಗಿದುಕೊಂಡು, ಇರುವ ರಕ್ತವನ್ನು ಮೆದುಳಿಗೂ ಹೃದಯಕ್ಕೂ ತಳ್ಳುತ್ತವೆ. ಮಕ್ಕಳ ರಕ್ತನಾಳಗಳಿಗೆ ಈ ಶಕ್ತಿ ಬಹಳ. ಆದ್ದರಿಂದ ಒಟ್ಟು ರಕ್ತದಲ್ಲಿ ನೂರಕ್ಕೆ ೩೦ರಷ್ಟು, ಕೆಲವು ವೇಳೆ ಅದಕ್ಕಿಂತಲೂ ಹೆಚ್ಚು ನಷ್ಟವಾಗುವವರೆಗೆ ರಕ್ತದ ಒತ್ತಡವು ಸರಿಯಾಗಿಯೇ ಇರುವಂತೆ ಕಾಣಬಹುದು. ಅನಂತರ ಆ ಬಿಗಿತ ಸಡಿಲಿದಾಗ ಒತ್ತಡವು ಮೆಲ್ಲನೆ ಇಳಿಯುವುದಿಲ್ಲ, ಒಮ್ಮೆಗೇ ಕುಸಿಯುತ್ತದೆ. ವಯಸ್ಸನ್ನು ಎರಡರಿಂದ ಗುಣಿಸಿ ೭೦ಕ್ಕೆ ಕೂಡಿಸಿದರೆ ಬರುವ ಅಂಕೆಯು ಒಂದರಿಂದ ಹತ್ತು ವರ್ಷದ ಮಕ್ಕಳಲ್ಲಿ ಮೇಲಿನ ಒತ್ತಡದ ಕೆಳಗಿನ ಎಲ್ಲೆ ಎಂಬುದು ವೈದ್ಯರು ನೆನಪಿಟ್ಟುಕೊಳ್ಳುವ ಸೂತ್ರ. ಐದು ವರ್ಷದವನಿಗೆ ಅದು ೮೦. ಆದರೆ ಒತ್ತಡವು ೮೦ಕ್ಕಿಂತ ಕೆಳಗಿಳಿಯುವವರೆಗೆ ಕಾದು ನೋಡುವ ವೈದ್ಯನು, ಕೆರೆಯ ಏರಿ ಒಡೆದ ಮೇಲೆ ನೀರಿನ ಮಟ್ಟವನ್ನು ಅಳೆಯಲು ಹೊರಟವನಂತೆ. ಒತ್ತಡ ತಗ್ಗಿದ್ದರೆ ಅಪಾಯ ಬಂದಾಗಿದೆಯೆಂದು ಅರ್ಥ. ತಗ್ಗದಿದ್ದರೆ ಅಪಾಯವಿಲ್ಲವೆಂದು ಅರ್ಥವಲ್ಲ. ಈ ಒಂದು ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಂಡರೆ ನಮ್ಮ ಶ್ರಮ ಸಾರ್ಥಕವಾಯಿತೆಂದು ತಿಳಿಯುತ್ತೇವೆ.

ಹಾಗಾದರೆ ಮುಂಚಿತವಾಗಿ ತಿಳಿಯುವುದು ಹೇಗೆ? ಏರುವ ನಾಡಿಯನ್ನೂ ಇಳಿಯುವ ಒತ್ತಡವನ್ನೂ ಬೇರೆ ಬೇರೆಯಾಗಿ ನೋಡದೆ ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಬೇಕೆಂದು ಆಲ್ಗೋವರ್ ಮತ್ತು ಬುರಿ ಎಂಬ ಇಬ್ಬರು ವೈದ್ಯರು ೧೯೬೭ರಲ್ಲಿ ಸೂಚಿಸಿದರು. ಇದಕ್ಕೆ ಆಘಾತಸೂಚಿ ಎನ್ನಬಹುದು. ಆರೋಗ್ಯವಂತನಾದ ದೊಡ್ಡವನ ನಾಡಿ ೭೦, ಒತ್ತಡ ೧೨೦ ಆದರೆ ಸೂಚಿಯು ೦.೬ಕ್ಕಿಂತ ಸ್ವಲ್ಪ ಕಡಮೆ. ಅದು ೦.೯ನ್ನು ದಾಟಿದರೆ ಒಳಗೆಲ್ಲಿಯೋ ರಕ್ತ ಸೋರುತ್ತಿರಬಹುದೆಂದು ಶಂಕಿಸಬೇಕು. ಇದೇ ಎಲ್ಲೆಯನ್ನು ಮಕ್ಕಳಿಗೆ ಹಾಕಿದರೆ ಏನಾಗುತ್ತದೆ? ನಲಿದಾಡುತ್ತಿರುವ ಐದು ವರ್ಷದ ಮಗುವಿನ ನಾಡಿ ೧೦೦, ಒತ್ತಡ ೯೫ ಇರಬಹುದು. ಸೂಚಿಯು ೧ನ್ನು ದಾಟಿತು! ದೊಡ್ಡವರ ಅಳತೆಗೋಲಿನಲ್ಲಿ ಊರಿನ ಮಕ್ಕಳೆಲ್ಲ ಸಾಯುವ ಸ್ಥಿತಿಯಲ್ಲಿದ್ದಂತೆ ಆಯಿತು. ಆದಕಾರಣ ಅಮೆರಿಕದ ಕೊಲೊರಾಡೊ ಸಂಸ್ಥಾನದ ಕೆಲವರು ವೈದ್ಯರು ವಯಸ್ಸಿಗೆ ತಕ್ಕ ಎಲ್ಲೆಗಳನ್ನು ಗೊತ್ತುಮಾಡಿ ೨೦೧೫ರಲ್ಲಿ ಪ್ರಕಟಿಸಿದರು. ನಾಲ್ಕರಿಂದ ಆರು ವರ್ಷದವರಿಗೆ ೧.೨೨, ಏಳರಿಂದ ಹನ್ನೆರಡರವರಿಗೆ ೧.೦, ಹದಿಮೂರರಿಂದ ಹದಿನಾರರವರಿಗೆ ೦.೯. ಈ ಎಲ್ಲೆಯನ್ನು ಮೀರಿದ ಮಕ್ಕಳಲ್ಲಿ ತೀವ್ರಗಾಯ, ರಕ್ತದ ಆವಶ್ಯಕತೆ, ಮರಣ, ಈ ಮೂರೂ ಹೆಚ್ಚಾಗಿರುವುದು ಕಂಡುಬಂದಿದೆ. ಲೆಕ್ಕಕ್ಕೆ ಬೇಕಾದುದು ಒಂದು ಭಾಗಾಕಾರ ಮಾತ್ರ, ಯಂತ್ರವೇನೂ ಬೇಡ.

ಉಸಿರಾಟವನ್ನು ಎಣಿಸುವುದು ಎಲ್ಲಕ್ಕಿಂತ ಸುಲಭ. ಎಲ್ಲಕ್ಕಿಂತ ಹೆಚ್ಚಾಗಿ ಅಲಕ್ಷ್ಯಕ್ಕೆ ಗುರಿಯಾಗಿರುವುದೂ ಅದೇ. ದೊಡ್ಡವರಲ್ಲಿ ಹಠಾತ್ತಾಗಿ ಹೃದಯ ನಿಲ್ಲುವುದು ಅನೇಕ ವೇಳೆ ಹೃದಯದ ದೋಷದಿಂದಲೇ. ಮಕ್ಕಳಲ್ಲಿ ಬಹುಮಟ್ಟಿಗೆ ಮೊದಲು ಉಸಿರು ಕೆಡುತ್ತದೆ, ಅಥವಾ ರಕ್ತ ಸಾಲದಾಗುತ್ತದೆ. ಹೃದಯವು ಅದರ ಹಿಂದೆ ನಿಲ್ಲುತ್ತದೆ. ಪಕ್ಕೆಲುಬುಗಳ ನಡುವಣ ಚರ್ಮ ಒಳಕ್ಕೆ ಎಳೆದುಕೊಳ್ಳುವುದು, ಮೂಗಿನ ಹೊಳ್ಳೆಗಳು ಅರಳುವುದು, ಪ್ರತಿ ಉಸಿರಿಗೂ ನರಳುವುದು, ಇವು ಮಗು ತನ್ನ ಶಕ್ತಿಯನ್ನೆಲ್ಲ ಉಸಿರಿಗಾಗಿಯೇ ವೆಚ್ಚಮಾಡುತ್ತಿರುವುದರ ಗುರುತು. ಬಹು ವೇಗವಾಗಿದ್ದ ಉಸಿರು ಕಾರಣವಿಲ್ಲದೆ ನಿಧಾನವಾದರೆ ಮಗು ಚೇತರಿಸಿಕೊಂಡಿತೆಂದು ಸಮಾಧಾನಪಡುವಂತಿಲ್ಲ, ದಣಿದುಹೋಗಿರಬಹುದು. ನಾಡಿಯೂ ಹಾಗೆಯೇ. ಗಾಯಗೊಂಡ ಮಗುವಿನ ನಾಡಿ ೧೬೦ರಿಂದ ಇದ್ದಕ್ಕಿದ್ದಂತೆ ೬೦ಕ್ಕೆ ಇಳಿದರೆ ಅದು ಶಾಂತಿಯಲ್ಲ. ಪ್ರಾಣವಾಯು ಸಾಲದೆ ಹೃದಯವು ಸೋಲುತ್ತಿರುವುದರ ಲಕ್ಷಣ, ನಿಲ್ಲುವುದಕ್ಕೆ ನಿಮಿಷಗಳಷ್ಟೇ ಉಳಿದಿರಬಹುದು.

ಪ್ರಜ್ಞೆಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಗಾಯದಿಂದ ಸಾಯುವ ಮಕ್ಕಳಲ್ಲಿ ತಲೆಯ ಪೆಟ್ಟೇ ಮುಖ್ಯವಾದ ಕಾರಣ. ಮಗುವಿನ ತಲೆಯು ಮೈಗೆ ಹೋಲಿಸಿದರೆ ದೊಡ್ಡದು, ಕತ್ತಿನ ಸ್ನಾಯುಗಳು ಎಳೆಯವು; ಬಿದ್ದಾಗ ತಲೆಯೇ ಮುಂದಾಗಿ ನೆಲವನ್ನು ಮುಟ್ಟುತ್ತದೆ. ಗ್ಲಾಸ್ಗೋ ನಗರದ ಟೀಸ್ಡೇಲ್ ಮತ್ತು ಜೆನೆಟ್ ಎಂಬುವರು ೧೯೭೪ರಲ್ಲಿ ಪ್ರಕಟಿಸಿದ ಮಾಪಕದಲ್ಲಿ ಕಣ್ತೆರೆಯುವುದಕ್ಕೆ ೪, ಮಾತಿಗೆ ೫, ಕೈಕಾಲುಗಳ ಚಲನೆಗೆ ೬ ಅಂಕಗಳು. ಪೂರ್ಣಪ್ರಜ್ಞೆಗೆ ೧೫, ಏನೊಂದೂ ಇಲ್ಲದವನಿಗೂ ೩. ಎಂಟು ಅಥವಾ ಅದಕ್ಕಿಂತ ಕಡಮೆ ಬಂದರೆ ಪೆಟ್ಟು ತೀವ್ರವಾದುದು. ಮಾತು ಬಾರದ ಕೂಸಿಗೆ ಮಾತಿನ ಬದಲು ಅಳುವಿನ ಬಗೆಯನ್ನೂ ಸಮಾಧಾನಗೊಳ್ಳುವ ರೀತಿಯನ್ನೂ ನೋಡಿ ಅಂಕ ಕೊಡುವ ಮಾರ್ಪಾಡು ಉಂಟು. ಇನ್ನೂ ಸುಲಭವಾದ ಕ್ರಮವೊಂದಿದೆ: ಮಗು ತಾನಾಗಿಯೇ ಎಚ್ಚರವಾಗಿದೆಯೆ, ಕರೆದರೆ ಓಗೊಡುತ್ತದೆಯೆ, ಚಿವುಟಿದರೆ ಮಾತ್ರ ಅಲುಗುತ್ತದೆಯೆ, ಯಾವುದಕ್ಕೂ ಇಲ್ಲವೆ? ಈ ನಾಲ್ಕು ಪ್ರಶ್ನೆಗಳನ್ನು ಯಾರು ಬೇಕಾದರೂ ಕೇಳಬಹುದು. ಮಕ್ಕಳ ಮರಣವನ್ನು ಮುಂಗಾಣುವ ವಿಷಯದಲ್ಲಿ ನಡೆದ ಪರಿಶೀಲನೆಗಳಲ್ಲಿ ಪ್ರಜ್ಞೆಯ ಅಂಕವೇ ಅತ್ಯಂತ ಬಲವಾದ ಸೂಚಕಗಳಲ್ಲೊಂದೆಂದು ಮತ್ತೆ ಮತ್ತೆ ಕಂಡುಬಂದಿದೆ; ಅದರಲ್ಲಿಯೂ ಕೈಕಾಲಿನ ಚಲನೆಯ ಭಾಗವು ಹೆಚ್ಚಿನದನ್ನು ಹೇಳುತ್ತದೆ.

ತಲೆಯೊಳಗೆ ಬಾವು ಹೆಚ್ಚಿದಾಗ ಮಾತ್ರ ಲಕ್ಷಣಗಳು ತಿರುಗುಮುರುಗಾಗುತ್ತವೆ. ರಕ್ತದ ಒತ್ತಡ ಏರುತ್ತದೆ, ನಾಡಿ ನಿಧಾನವಾಗುತ್ತದೆ, ಉಸಿರಿನ ತಾಳ ತಪ್ಪುತ್ತದೆ. ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಷಿಂಗನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇದನ್ನು ವಿವರಿಸಿದನು. ಇಂಥ ಮಗುವಿನ ಆಘಾತಸೂಚಿಯನ್ನು ಲೆಕ್ಕ ಹಾಕಿದರೆ ಅದು ಅತ್ಯುತ್ತಮವಾಗಿಯೇ ಬರುತ್ತದೆ; ಮಗುವಾದರೋ ಮರಣದ ಅಂಚಿನಲ್ಲಿರುತ್ತದೆ. ಈ ಕೊರತೆಯನ್ನು ತುಂಬುವುದಕ್ಕಾಗಿ ಜಪಾನಿನ ವೈದ್ಯರು ೨೦೧೮ರಲ್ಲಿ ಒಂದು ಉಪಾಯವನ್ನು ಮುಂದಿಟ್ಟರು. ಒತ್ತಡವನ್ನು ನಾಡಿಯಿಂದ ಭಾಗಿಸಿ, ಬಂದುದನ್ನು ಪ್ರಜ್ಞೆಯ ಅಂಕದಿಂದ ಗುಣಿಸುವುದು. ರಕ್ತ ಸೋರಿದರೂ ಅಂಕೆ ಇಳಿಯುತ್ತದೆ, ಪ್ರಜ್ಞೆ ಕುಂದಿದರೂ ಇಳಿಯುತ್ತದೆ. ದೊಡ್ಡವರಿಗಾಗಿ ಹುಟ್ಟಿದ ಈ ಲೆಕ್ಕವನ್ನು ಅನಂತರ ಮಕ್ಕಳಲ್ಲಿಯೂ ಪರೀಕ್ಷಿಸಿದ್ದಾರೆ.

ಅಂಕೆಗಳನ್ನು ಕೂಡಿಸಿ ತೀರ್ಪು ಹೇಳುವ ಪದ್ಧತಿಗಳು ಇನ್ನೂ ಹಲವು. ೧೯೮೯ರಲ್ಲಿ ಪರಿಷ್ಕಾರಗೊಂಡ, ಬಹು ಪ್ರಸಿದ್ಧವಾದ ಒಂದು ಪದ್ಧತಿಯಲ್ಲಿ ಉಸಿರು, ಒತ್ತಡ, ಪ್ರಜ್ಞೆ ಈ ಮೂರಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಅದರಲ್ಲಿ ಉಸಿರು ೨೯ನ್ನು ಮೀರಿದರೆ ಒಂದು ಅಂಕ ಕಡಿತ. ಒತ್ತಡ ೯೦ನ್ನು ಮುಟ್ಟದಿದ್ದರೆ ಮತ್ತೊಂದು. ತೊಟ್ಟಿಲಲ್ಲಿ ಸುಖವಾಗಿ ಮಲಗಿರುವ ಕೂಸಿಗೂ ಹೀಗೆ ಎರಡು ಅಂಕ ನಷ್ಟ! ಅಲ್ಲದೆ ಮಕ್ಕಳಲ್ಲಿ ಎಲ್ಲಕ್ಕಿಂತ ಮೊದಲು ಮಾರ್ಪಡುವ ನಾಡಿಗೆ ಆ ಪದ್ಧತಿಯಲ್ಲಿ ಸ್ಥಾನವೇ ಇಲ್ಲ. ಮಕ್ಕಳಿಗೆಂದೇ ಟೇಪಾಸ್ ಎಂಬ ವೈದ್ಯರೂ ಅವರ ಸಂಗಡಿಗರೂ ೧೯೮೭ರಲ್ಲಿ ರಚಿಸಿದ ಪದ್ಧತಿಯು ನಮ್ಮ ಗ್ರಾಮಗಳಿಗೆ ಹೆಚ್ಚು ಒಪ್ಪುವಂಥದು. ತೂಕ, ಉಸಿರಿನ ದಾರಿ, ಒತ್ತಡ, ಪ್ರಜ್ಞೆ, ತೆರೆದ ಗಾಯ, ಮುರಿದ ಎಲುಬು, ಇವು ಆರು ವಿಷಯಗಳು. ಮೊತ್ತವು ೧೨ರಿಂದ ಕೆಳಗೆ ಸೊನ್ನೆಗಿಂತಲೂ ೬ ಕಡಮೆಯವರೆಗೆ. ಮಗುವಿಗೆ ತಕ್ಕ ಅಳತೆಯ ಪಟ್ಟಿ ದೊರೆಯದಿದ್ದಲ್ಲಿ ಒತ್ತಡದ ಬದಲು ಬೆರಳನ್ನೇ ನಂಬಬಹುದೆಂದು ಅದರಲ್ಲಿ ಹೇಳಿದೆ. ಮಣಿಕಟ್ಟಿನಲ್ಲಿ ನಾಡಿ ಸಿಕ್ಕಿದರೆ ಪೂರ್ಣ ಅಂಕ. ತೊಡೆಯ ಸಂದಿನಲ್ಲಿ ಮಾತ್ರ ಸಿಕ್ಕಿದರೆ ನಡುವಣ ಅಂಕ. ಎಲ್ಲಿಯೂ ಸಿಕ್ಕದಿದ್ದರೆ ಕಡಿತ. ಮೊತ್ತವು ೮ಕ್ಕಿಂತ ಹೆಚ್ಚಿದ್ದ ಮಕ್ಕಳಲ್ಲಿ ಸಾವು ಇಲ್ಲವೆಂಬಷ್ಟು ವಿರಳವೆಂದು ಅವರ ಮೊದಲ ವರದಿಗಳಲ್ಲಿ ಕಂಡಿತು. ಆದ್ದರಿಂದ ೮ ಅಥವಾ ಅದಕ್ಕಿಂತ ಕಡಮೆಯಾದ ಮಗುವನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕೆಂಬ ನಿಯಮ ಬಳಕೆಗೆ ಬಂದಿತು. ರಕ್ತದ ಆಮ್ಲತೆಯನ್ನೂ ಹೆಪ್ಪುಗಟ್ಟುವ ಶಕ್ತಿಯನ್ನೂ ಪ್ರಜ್ಞೆಯೊಡನೆ ಸೇರಿಸಿ ಎಣಿಸುವ, ೨೦೧೧ರಲ್ಲಿ ಪ್ರಕಟವಾದ ಪದ್ಧತಿಯು ಇನ್ನೂ ನಿಖರವಾದುದು. ಆದರೆ ಅದಕ್ಕೆ ಪ್ರಯೋಗಾಲಯ ಬೇಕು. ಅದು ದಾರಿಯ ಕೊನೆಯ ವಿದ್ಯೆ, ಮೊದಲನೆಯ ಮೆಟ್ಟಿಲಿನದಲ್ಲ.

ಇನ್ನು ಚರ್ಮದ ವಿಚಾರ. ಮಗುವಿನ ಬೆರಳಿನ ತುದಿಯನ್ನೋ ಎದೆಯ ಮೂಳೆಯ ಮೇಲಣ ಚರ್ಮವನ್ನೋ ಐದು ಸೆಕೆಂಡು ಒತ್ತಿ ಬಿಟ್ಟರೆ ಬಿಳಿಚಿದ ಬಣ್ಣವು ಎರಡು ಸೆಕೆಂಡಿನೊಳಗೆ ಮರಳಬೇಕು. ಮೂರು ನಾಲ್ಕು ಸೆಕೆಂಡು ಹಿಡಿದರೆ, ಪಾದಗಳು ತಣ್ಣಗಿದ್ದು ಎದೆ ಮಾತ್ರ ಬೆಚ್ಚಗಿದ್ದರೆ, ರಕ್ತವು ಅಂಚಿನಿಂದ ಒಳಕ್ಕೆ ಸರಿದಿದೆಯೆಂದು ತಿಳಿಯಬೇಕು. ಚಳಿಯಲ್ಲಿ ಮಲಗಿದ್ದ ಮಗುವಿನಲ್ಲಿ ಈ ಗುರುತು ತಪ್ಪು ದಾರಿಗೆಳೆಯಬಹುದು. ಚಳಿಯು ತಾನೇ ಒಂದು ಶತ್ರುವೆಂಬುದನ್ನೂ ಮರೆಯುವಂತಿಲ್ಲ. ತೂಕಕ್ಕೆ ಹೋಲಿಸಿದರೆ ಮಗುವಿನ ಮೈಯ ಹೊರಮೈ ಹೆಚ್ಚು, ಆದ್ದರಿಂದ ಅದು ಬೇಗ ತಣ್ಣಗಾಗುತ್ತದೆ. ತಣ್ಣಗಾದ ಮೈಯಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟದು. ಹೆಪ್ಪುಗಟ್ಟದಿದ್ದರೆ ಸೋರಿಕೆ ನಿಲ್ಲದು. ಸೋರಿದಂತೆಲ್ಲ ರಕ್ತದಲ್ಲಿ ಆಮ್ಲತೆ ಹೆಚ್ಚುತ್ತದೆ. ಅದರಿಂದ ಹೆಪ್ಪುಗಟ್ಟುವಿಕೆ ಮತ್ತಷ್ಟು ಕೆಡುತ್ತದೆ.

ಇವೆಲ್ಲವನ್ನೂ ಒಟ್ಟುಗೂಡಿಸಿ ದೇವಣಗಾಂವದ ಕಡೆಗೆ ಮರಳೋಣ. ಐದು ವರ್ಷದ ಮಗುವೊಂದು ಮಾಳಿಗೆಯಿಂದ ಬಿದ್ದು ಆರೋಗ್ಯ ಕೇಂದ್ರಕ್ಕೆ ಬಂದಿತೆಂದು ಭಾವಿಸೋಣ. ಹೊರಗೆ ಗಾಯವಿಲ್ಲ. ಜೋರಾಗಿ ಅಳುತ್ತಿದೆ. ನಾಡಿ ೧೪೦, ಒತ್ತಡ ೯೮. ಅಳುವೂ ಭಯವೂ ನೋವೂ ನಾಡಿಯನ್ನು ಏರಿಸುವವೇ. ಆದುದರಿಂದ ಈ ಒಂದು ಎಣಿಕೆಯಿಂದ ಏನನ್ನೂ ನಿರ್ಧರಿಸಲಾಗದೆನ್ನಬಹುದು. ಸೂಚಿಯಾದರೋ ೧.೪೩, ಎಲ್ಲೆಯನ್ನು ಮೀರಿದೆ. ತಾಯಿಯ ತೊಡೆಯ ಮೇಲೆ ಮಲಗಿಸಿ, ನೋವಿಗೆ ಔಷಧವನ್ನು ಕೊಟ್ಟು, ಕಾಲು ಗಂಟೆಯ ಮೇಲೆ ಮತ್ತೆ ಎಣಿಸಿದರೆ ನಾಡಿ ೧೬೦, ಒತ್ತಡ ೯೬. ಅಳು ನಿಂತಿದೆ, ಪಾದಗಳು ತಣ್ಣಗಿವೆ. ಒತ್ತಡದಲ್ಲಿ ಇಳಿದುದು ಎರಡೇ ಅಂಕ, ಸೂಚಿಯಾದರೋ ೧.೬೭ಕ್ಕೆ ಏರಿತು. ಭಯದಿಂದ ಏರಿದ ನಾಡಿ ಸಮಾಧಾನವಾದೊಡನೆ ಇಳಿಯಬೇಕಿತ್ತು, ಇಳಿಯಲಿಲ್ಲ. ಮನೆಯವರು, ಮಗು ಮಲಗಿತು, ಎಬ್ಬಿಸಬೇಡಿ, ಎನ್ನುತ್ತಾರೆ. ತಿಳಿದ ವೈದ್ಯನು ಆ ಮೌನಕ್ಕೇ ಹೆದರುತ್ತಾನೆ. ಒತ್ತಡವನ್ನು ಮಾತ್ರ ನೋಡುವವನು ಈ ಮಗುವನ್ನು ರಾತ್ರಿಯೆಲ್ಲ ಅಲ್ಲಿಯೇ ಇಟ್ಟುಕೊಂಡಾನು. ಎಲ್ಲವನ್ನೂ ಕೂಡಿಸಿ, ಎರಡು ಸಲ ನೋಡುವವನು ಆ ಕ್ಷಣವೇ ಹೊರಡಿಸಿಯಾನು. ಒಂದು ಅಂಕೆಗಿಂತ ಎರಡು ಅಂಕೆಗಳ ನಡುವಣ ಅಂತರವೇ ಹೆಚ್ಚಿನದನ್ನು ತಿಳಿಸುತ್ತದೆ.

ಹೊರಟ ಮಕ್ಕಳಿಗೆಲ್ಲ ಶಸ್ತ್ರಚಿಕಿತ್ಸೆಯೇ ಆಗಬೇಕೆಂದೇನೂ ಇಲ್ಲ. ಸೀಳಿದ ಗುಲ್ಮವನ್ನು ತೆಗೆಯದೆ, ಪ್ರಾಣಲಕ್ಷಣಗಳನ್ನು ಎಡೆಬಿಡದೆ ಗಮನಿಸುತ್ತ ಮಗುವನ್ನು ಉಳಿಸಬಹುದೆಂಬುದನ್ನು ಕೆನಡದ ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯ ಅನುಭವದಿಂದ ೧೯೬೮ರಲ್ಲಿ ಪ್ರಕಟಪಡಿಸಿದವರಲ್ಲಿ ಒಬ್ಬರು ಉಪಾಧ್ಯಾಯ ಎಂಬ ಭಾರತೀಯ ಶಸ್ತ್ರವೈದ್ಯರು. ಇಂದು ಅದೇ ಸರ್ವಸಾಧಾರಣವಾದ ಕ್ರಮ. ಆದರೆ ಹಾಗೆ ಕಾದು ನೋಡುವುದು ರಕ್ತವೂ ಶಸ್ತ್ರವೈದ್ಯನೂ ಕೈಗೆಟಕುವಲ್ಲಿ ಮಾತ್ರ ಸಲ್ಲುತ್ತದೆ. ಎರಡೂ ಇಲ್ಲದ ಕಡೆ ಕಾಯುವುದು ಅಪಾಯ.

ಅಪಾಯವಿಲ್ಲದ ಮಗುವನ್ನೂ ಹೀಗೆ ದೂರಕ್ಕೆ ಕಳುಹಿಸಿದಂತಾಗುವುದಿಲ್ಲವೆ, ಬಡವರಿಗೆ ಅನಗತ್ಯವಾದ ವೆಚ್ಚವಲ್ಲವೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಎಂಥ ಅಳತೆಗೋಲಾದರೂ ಎರಡು ಬಗೆಯಲ್ಲಿ ತಪ್ಪುತ್ತದೆ: ಕ್ಷೇಮವಾಗಿರುವವನನ್ನು ಅಪಾಯದಲ್ಲಿರುವವನೆನ್ನುವುದು ಒಂದು, ಅಪಾಯದಲ್ಲಿರುವವನನ್ನು ಕ್ಷೇಮವೆನ್ನುವುದು ಇನ್ನೊಂದು. ಒಂದನ್ನು ತಗ್ಗಿಸಿದರೆ ಇನ್ನೊಂದು ಏರುತ್ತದೆ. ಮೊದಲನೆಯದರ ಬೆಲೆ ಒಂದು ದಿನದ ಕೂಲಿ, ಪ್ರಯಾಣದ ಕಷ್ಟ. ಎರಡನೆಯದರ ಬೆಲೆ ಒಂದು ಮಗು. ಅಮೆರಿಕದ ಶಸ್ತ್ರವೈದ್ಯರ ಸಂಘವು ತೀವ್ರಗಾಯದವರಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಮಂದಿ ಕಣ್ತಪ್ಪಬಾರದೆಂದೂ, ಅದಕ್ಕಾಗಿ ನೂರಕ್ಕೆ ೨೫ರಿಂದ ೩೫ರವರೆಗೆ ಅನಗತ್ಯವಾಗಿ ಕಳುಹಿಸಿದರೂ ಸಹಿಸಬಹುದೆಂದೂ ಹೇಳಿದೆ. ಆದರೂ ಈ ವೆಚ್ಚವು ಮಗುವಿನ ತಂದೆಯ ಮೇಲೆಯೇ ಬೀಳುವಂತಿದ್ದರೆ ಅವನು ಹಿಂಜರಿಯುವುದು ಸಹಜ. ಕರ್ನಾಟಕದಲ್ಲಿ ೨೦೦೮ರಿಂದ ಓಡಾಡುತ್ತಿರುವ ೧೦೮ ಸಂಖ್ಯೆಯ ಉಚಿತ ವಾಹನಗಳ ಬೆಲೆ ತಿಳಿಯುವುದು ಇಂಥಲ್ಲಿಯೇ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಅಂಕೆಗಳೆಲ್ಲ ಸಮೂಹವನ್ನು ಕುರಿತವು, ವ್ಯಕ್ತಿಯನ್ನು ಕುರಿತವಲ್ಲ. ಇಂಥ ಅಂಕ ಬಂದ ನೂರು ಮಕ್ಕಳಲ್ಲಿ ಎಂಬತ್ತು ಮಂದಿ ಉಳಿಯಲಾರರೆಂದು ಒಂದು ಪದ್ಧತಿ ಹೇಳಿದರೆ, ನಮ್ಮ ಮುಂದಿರುವ ಮಗು ಆ ಎಂಬತ್ತರಲ್ಲಿ ಒಂದೋ ಉಳಿದ ಇಪ್ಪತ್ತರಲ್ಲಿ ಒಂದೋ ಎಂಬುದನ್ನು ಅದು ಹೇಳಲಾರದು. ಕೆಟ್ಟ ಅಂಕವು ಹೆಚ್ಚಿನ ಪ್ರಯತ್ನಕ್ಕೆ ಕರೆ; ಪ್ರಯತ್ನವನ್ನು ಬಿಡುವುದಕ್ಕೆ ಅಪ್ಪಣೆಯಲ್ಲ. ಇದಕ್ಕೆ ದೂರದ ನಿದರ್ಶನ ಬೇಡ. ಇದೇ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣ ಗ್ರಾಮದಲ್ಲಿ ೨೦೨೪ರ ಏಪ್ರಿಲ್ ೩ರ ಸಂಜೆ ಸುಮಾರು ಎರಡು ವರ್ಷದ ಗಂಡುಮಗುವೊಂದು ತೆರೆದಿದ್ದ ಕೊಳವೆಬಾವಿಗೆ ತಲೆಕೆಳಗಾಗಿ ಬಿದ್ದಿತು. ನಾಡಿ ಹಿಡಿಯುವಂತಿರಲಿಲ್ಲ, ಒತ್ತಡ ನೋಡುವಂತಿರಲಿಲ್ಲ. ಕೆಳಕ್ಕಿಳಿಸಿದ ಕ್ಯಾಮರಾದಲ್ಲಿ ಕಂಡದ್ದು ಅಲುಗುತ್ತಿದ್ದ ಕಾಲುಗಳು ಮಾತ್ರ. ಪ್ರಾಣಲಕ್ಷಣವೆಂದು ದೊರೆತುದು ಅಷ್ಟೇ. ಆ ಒಂದನ್ನೇ ನಂಬಿ ಕೊಳವೆಯ ಮೂಲಕ ಪ್ರಾಣವಾಯುವನ್ನು ಬಿಡುತ್ತ, ಪಕ್ಕದಲ್ಲಿ ಗುಂಡಿ ತೋಡಿ, ಸುಮಾರು ಇಪ್ಪತ್ತು ಗಂಟೆಗಳ ಮೇಲೆ ಮರುದಿನ ಮಗುವನ್ನು ಜೀವಂತವಾಗಿ ಹೊರತೆಗೆದರು. ಹತ್ತು ವರ್ಷಗಳ ಹಿಂದೆ, ೨೦೧೪ರಲ್ಲಿ, ಇದೇ ಜಿಲ್ಲೆಯ ನಾಗಠಾಣದಲ್ಲಿ ಹೀಗೆಯೇ ಬಿದ್ದ ಹೆಣ್ಣುಮಗು ಬದುಕಿ ಬರಲಿಲ್ಲ. ಹಿಂದಿನ ಆ ಸಾವನ್ನೇ ಲೆಕ್ಕವಾಗಿ ಹಿಡಿದಿದ್ದರೆ ಲಚ್ಯಾಣದ ಮಗು ಆ ಇಪ್ಪತ್ತು ಗಂಟೆಗಳನ್ನು ಪಡೆಯುತ್ತಿರಲಿಲ್ಲ.

ಕೊನೆಯದಾಗಿ, ವೈದ್ಯರಲ್ಲದವರು ಮಾಡಬಹುದಾದುದು ಏನು? ಮಗುವಿಗೆ ಪೆಟ್ಟು ಬಿದ್ದಾಗ ಹರಿಯುವ ರಕ್ತವನ್ನು ಬಟ್ಟೆಯಿಂದ ಒತ್ತಿಹಿಡಿಯುವುದು, ಕತ್ತನ್ನು ಅಲುಗಿಸದಿರುವುದು, ಕಂಬಳಿ ಹೊದೆಯಿಸಿ ಬೆಚ್ಚಗಿಡುವುದು, ಬಾಯಿಗೆ ನೀರನ್ನಾಗಲಿ ಅನ್ನವನ್ನಾಗಲಿ ಹಾಕದಿರುವುದು, ೧೦೮ಕ್ಕೆ ಕರೆ ಮಾಡುವುದು. ವಾಹನ ಬರುವವರೆಗೆ ಗಡಿಯಾರವನ್ನು ನೋಡಿ ಒಂದು ನಿಮಿಷದ ಉಸಿರನ್ನು ಎಣಿಸಿ, ಕರೆದಾಗ ಮಗು ಹೇಗೆ ಓಗೊಟ್ಟಿತೆಂಬುದನ್ನು ಗಮನಿಸಿ, ಗಂಟೆಯೊಡನೆ ಒಂದು ಚೀಟಿಯಲ್ಲಿ ಬರೆದಿಡಬೇಕು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎಣಿಸಿ ಅದರ ಕೆಳಗೆಯೇ ಬರೆಯಬೇಕು. ಮೋಟಾರು ಅಪಘಾತದಲ್ಲಿ ಗಾಯಗೊಂಡವರಿಗೆ ಸದ್ಭಾವದಿಂದ ನೆರವಾದ ದಾರಿಹೋಕನನ್ನು ಹೊಣೆಗಾರನನ್ನಾಗಿ ಮಾಡತಕ್ಕದ್ದಲ್ಲವೆಂದು ೨೦೧೯ರ ಮೋಟಾರು ವಾಹನಗಳ ತಿದ್ದುಪಡಿ ಕಾಯಿದೆಯು ಸ್ಪಷ್ಟಪಡಿಸಿದೆ, ಆದ್ದರಿಂದ ಅಂಜಬೇಕಾದುದಿಲ್ಲ. ಆ ಚೀಟಿಯು ಮಗುವಿನೊಡನೆ ಪ್ರಯಾಣಮಾಡಬೇಕು. ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಮಗುವನ್ನು ಎತ್ತಿಕೊಳ್ಳುವ ವೈದ್ಯರಿಗೆ ಕಾಣುವುದು ಆ ಗಳಿಗೆಯ ಅಂಕೆ ಮಾತ್ರ. ಹಿಂದಿನ ಎರಡು ಗಂಟೆಗಳಲ್ಲಿ ಅದು ಏರುತ್ತ ಬಂದಿತೋ ಇಳಿಯುತ್ತ ಬಂದಿತೋ ಎಂಬುದನ್ನು ಅವರಿಗೆ ತಿಳಿಸಬಲ್ಲುದು ಊರಿನಿಂದ ಬಂದ ಆ ಚೀಟಿಯೇ.